‘ಅನ್‌ಕ್ಲೇಮ್ಡ್’ ಎಂದರೆ ದಿಕ್ಕಿಲ್ಲದ್ದು ಎಂದಲ್ಲ
ತಾತನ ಪಾಸ್‌ಬುಕ್ ಹಿಡಿದು ಮಂಡ್ಯದ ಬ್ಯಾಂಕಿಗೆ ಹೋದಾಗ ಠೇವಣಿ ‘ಅನ್‌ಕ್ಲೇಮ್ಡ್’ ಎಂದರು, ಹಾಗೆಂದರೆ ಹಣದ ಆಸೆ ಬಿಡಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಆ ವಿಶೇಷಣದ ಅರ್ಥ ‘ಯಾರೂ ಇನ್ನೂ ಹಕ್ಕು ಕೇಳದ’ ಎಂದಷ್ಟೇ. ‘ವಾರಸುದಾರರಿಲ್ಲದ’ ಎಂಬ ಅನುವಾದ ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ವಾರಸುದಾರರಾಗಿ ನೀವು ಇದ್ದೀರಲ್ಲ! ಒಡೆಯನೇ ಬೇಡವೆಂದು ಬಿಟ್ಟುಹೋದದ್ದು ‘ಅಬ್ಯಾಂಡನ್ಡ್’. ಬಸ್ ನಿಲ್ದಾಣದಲ್ಲಿ ಮರೆತ ಊಟದ ಚೀಲ ಅನ್‌ಕ್ಲೇಮ್ಡ್. ಪಾಳುಬಿದ್ದ ಆಲೆಮನೆಯಲ್ಲಿ ಮಳೆಗೆ ತುಕ್ಕು ಹಿಡಿದ ಗಾಣ ಅಬ್ಯಾಂಡನ್ಡ್.

10 ವರ್ಷ ವ್ಯವಹಾರವಿಲ್ಲದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ನಿಜ. ಆದರೆ ಹಕ್ಕು ಹಾಗೆಯೇ ಉಳಿಯುತ್ತದೆ. ಮರಣ ಪ್ರಮಾಣಪತ್ರದೊಂದಿಗೆ ಅದೇ ಬ್ಯಾಂಕಿಗೆ ಅರ್ಜಿ ಕೊಡಿ. ತಾತನ ಇಂಥದ್ದೇ ಠೇವಣಿ ಬೇರೆ ಬ್ಯಾಂಕಿನಲ್ಲೂ ಇದೆಯೇ ಎಂದು 2023ರಲ್ಲಿ ಆರಂಭವಾದ ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಜಾಲತಾಣದಲ್ಲಿ ಹುಡುಕಿ ನೋಡಿ.