ಧಾರಣೆ ಪಟ್ಟಿಯನ್ನು ಯಂತ್ರದಿಂದ ಬರೆಸಬಹುದೇ?

ಬದಿಯಡ್ಕದ ಓದುಗ ಮಿತ್ರರಿಗೆ ನಮಸ್ಕಾರ.

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ನಮ್ಮ ಅಡಿಕೆ ಧಾರಣೆ ಪುಟದಲ್ಲಿ ಬರೀ ಅಂಕಿಗಳೇ ಇರುತ್ತವೆ, ಕಣ್ಣು ಮಂಜಾದ ನಿಮ್ಮ ತಂದೆಯವರಿಗೆ ಅದನ್ನು ಓದಿ ಹೇಳಿದರೂ ತಲೆಗೆ ಹತ್ತುವುದಿಲ್ಲ ಎಂದಿದ್ದೀರಿ. ಆ ಪಟ್ಟಿಯನ್ನು ಎಐಗೆ ಕೊಟ್ಟು ನಾಲ್ಕು ಸಾಲು ಬರೆಸಬಾರದೇ ಎಂಬುದು ಮೊದಲ ಪ್ರಶ್ನೆ. ನಮ್ಮ ಕಾಸರಗೋಡಿನ ಸರಕಾರಿ ಕಚೇರಿಗಳ ನೋಟಿಸು ಎಷ್ಟೋ ಸಲ ಮಲಯಾಳದಲ್ಲಿ ಮಾತ್ರ ಬರುತ್ತದೆ, ಇದೇ ದಾರಿಯಲ್ಲಿ ಅದು ಕನ್ನಡದಲ್ಲೂ ಸಿಗಬಹುದೇ ಎಂಬುದು ಎರಡನೆಯದು.

ಎರಡಕ್ಕೂ ನನ್ನ ಉತ್ತರ ಹೌದು. ಆದರೆ ಒಂದು ಷರತ್ತಿದೆ: ಪಟ್ಟಿಯಲ್ಲಿ ಇಲ್ಲದ್ದನ್ನು ಬರಹ ಹೇಳಬಾರದು. ಇದು ಕೇಳಲು ಸುಲಭ, ಮಾಡಿಸಲು ಕಷ್ಟ.

ಅಂಕಿಗಳಿಂದ ಬರಹ ಮಾಡಿಸುವುದು ಹೊಸ ವಿದ್ಯೆಯಲ್ಲ. 1990ರ ದಶಕದ ಆರಂಭದಲ್ಲೇ ಕೆನಡಾದಲ್ಲಿ ಫಾಗ್ ಎಂಬ ವ್ಯವಸ್ಥೆ ಹವಾಮಾನದ ಅಂಕಿಗಳಿಂದ ಮುನ್ಸೂಚನೆ ಬರೆಯುತ್ತಿತ್ತು. ಇಂಗ್ಲಿಷಿನಲ್ಲಿ ಬರೆದು ಫ್ರೆಂಚಿಗೆ ಅನುವಾದಿಸುತ್ತಿರಲಿಲ್ಲ. ಎರಡು ಭಾಷೆಯ ಬರಹವೂ ಒಂದೇ ಅಂಕಿಗಳಿಂದ ಹುಟ್ಟುತ್ತಿತ್ತು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಕನ್ನಡ ಉಳಿಸಿಕೊಂಡು ಬಂದ ನಮಗೆ ಇದು ದೊಡ್ಡ ವಿಷಯ. ನೀರು ಬಿಡುವ ದಿನ, ಅರ್ಜಿಗೆ ಕೊನೆಯ ದಿನಾಂಕ, ಕಟ್ಟಬೇಕಾದ ಹಣ, ವಾರ್ಡ್ ಸಂಖ್ಯೆ. ನೋಟಿಸಿನ ಜೀವ ಇಷ್ಟೇ. ಇವು ಕಂಪ್ಯೂಟರಿನಲ್ಲಿ ಪಟ್ಟಿಯಾಗಿ ಇದ್ದರೆ ಮಲಯಾಳದ ನೋಟಿಸು ಮೊದಲು, ಕನ್ನಡದ್ದು ಆಮೇಲೆ, ಕೆಲವೊಮ್ಮೆ ಬಾರದೆಯೂ ಇರಬಹುದು ಎಂಬ ಸ್ಥಿತಿ ಬೇಕಾಗಿಲ್ಲ. ಎರಡೂ ಒಂದೇ ಗಳಿಗೆಯಲ್ಲಿ ಹೊರಡಬಹುದು.

ಹಳೆಯ ಪದ್ಧತಿಯಲ್ಲಿ ವಾಕ್ಯದ ಅಚ್ಚು ಮೊದಲೇ ಸಿದ್ಧ ಇರುತ್ತದೆ, ಖಾಲಿ ಜಾಗದಲ್ಲಿ ಅಂಕಿ ಮತ್ತು ಹೆಸರು ಬಂದು ಕೂರುತ್ತದೆ. ಅದು ಸುಳ್ಳು ಹೇಳುವುದು ಅಪರೂಪ. ಆದರೆ ಕನ್ನಡದಲ್ಲಿ ಬೇಗ ಎಡವುತ್ತದೆ. ‘ದಲ್ಲಿ’ ಎಂದು ಅಚ್ಚು ಮಾಡಿಟ್ಟರೆ ಮಂಜೇಶ್ವರದಲ್ಲಿ, ಬದಿಯಡ್ಕದಲ್ಲಿ ಸರಿ. ಕುಂಬಳೆ ಬಂದಾಗ ‘ಕುಂಬಳೆದಲ್ಲಿ’ ಆಗುತ್ತದೆ, ಕಾಸರಗೋಡು ಬಂದಾಗ ಇನ್ನೂ ವಿಚಿತ್ರ. ಪ್ರತಿ ಊರಿಗೂ ಪ್ರತ್ಯಯ ಬರೆದಿಡಬೇಕು. ಬೇಸರದ ಕೆಲಸ, ಆದರೆ ಒಂದು ಸಲ ಮಾಡಿದರೆ ಮುಗಿಯಿತು.

ನೀವು ಹೇಳಿದ ಎಐ, ಅಂದರೆ ಈಗಿನ ನ್ಯೂರಲ್ ಭಾಷಾ ಮಾದರಿಗೆ, ಅಂಥ ಅಚ್ಚು ಬೇಡ. ಅಪಾರ ಬರಹವನ್ನು ಓದಿ, ಇಷ್ಟು ಪದಗಳಾದ ಮೇಲೆ ಮುಂದೆ ಯಾವುದು ಬರಬಹುದು ಎಂದು ಊಹಿಸಲು ಅದು ಕಲಿತಿರುತ್ತದೆ. ಪಟ್ಟಿಯನ್ನು ಸಾಲಾಗಿ ಬರೆದು ಮುಂದಿಟ್ಟರೆ ಆ ಊಹೆಯನ್ನೇ ಮುಂದುವರಿಸಿ ವಾಕ್ಯ ಕಟ್ಟುತ್ತದೆ. ‘ಕುಂಬಳೆಯಲ್ಲಿ’ ಎಂದು ತಾನಾಗಿಯೇ ಬರೆಯುತ್ತದೆ. ಓದಲು ಸೊಗಸು. ತೊಂದರೆ ಇರುವುದೂ ಅಲ್ಲೇ. ಅದು ಹುಡುಕುವುದು ಮುಂದೆ ಬರಲು ಒಪ್ಪುವ ಮಾತನ್ನು. ಆ ಮಾತು ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ.

ನಿಮ್ಮ ಪತ್ರ ಬಂದ ಮೇಲೆ ನಮ್ಮ ಕಚೇರಿಯಲ್ಲಿ ಇಂಥ ಒಂದು ಮಾದರಿಗೆ ಧಾರಣೆ ಪಟ್ಟಿಯನ್ನು ಕೊಟ್ಟು ನೋಡಿದೆವು. ಅಂಕಿಗಳು ಸರಿಯಾಗಿಯೇ ಬಂದವು. ಆದರೆ ಹೊಸ ಚಾಲಿಯ ದರ ಏರಿದ ಕಡೆ ‘ಉತ್ತರ ಭಾರತದಲ್ಲಿ ಬೇಡಿಕೆ ಹೆಚ್ಚಿರುವುದರಿಂದ’ ಎಂದು ಸೇರಿಸಿತ್ತು. ಪಟ್ಟಿಯಲ್ಲಿ ಕಾರಣದ ಕಾಲಮ್ಮೇ ಇಲ್ಲ! ಇನ್ನೊಂದು ಕಡೆ ‘ರಾಶಿ ಅಡಿಕೆ’ ಎಂದಿತ್ತು. ರಾಶಿ ಎಂಬುದು ಮಲೆನಾಡಿನ ಬೇಯಿಸಿದ ಕೆಂಪಡಿಕೆ. ನಾವು ಅಂಗಳದಲ್ಲಿ ಒಣಗಿಸುವುದು ಚಾಲಿ. ಶಿವಮೊಗ್ಗ ಕಡೆಯ ಮಾರುಕಟ್ಟೆ ವರದಿಗಳನ್ನು ಅದು ಜಾಸ್ತಿ ಓದಿರಬೇಕು. ಪಟೋರ, ಉಳ್ಳಿ, ಕರಿಗೋಟು ಎಂಬ ನಮ್ಮ ಅಡಿಕೆ ದರ್ಜೆಗಳ ಹೆಸರುಗಳು ಅದರ ಕಣ್ಣಿಗೆ ಕಡಿಮೆ ಬಿದ್ದಿರಬೇಕು.

ರಾಶಿ ಎಂದದ್ದು ನಮ್ಮವರಿಗೆ ಥಟ್ಟನೆ ಗೊತ್ತಾಗುತ್ತದೆ. ಕಾರಣ ಸೇರಿಸಿದ್ದು ಗೊತ್ತಾಗುವುದಿಲ್ಲ, ಅಲ್ವಾ? ಬೇಡಿಕೆಯಿಂದ ಏರಿದೆ ಎಂದು ಓದಿದವರು ಇನ್ನೂ ಏರೀತು ಎಂದು ಗೋಣಿಚೀಲ ಕಟ್ಟಿಟ್ಟು ಕಾಯುತ್ತಾರೆ. ಮಗಳ ಮದುವೆಗೋ ಸೊಸೈಟಿ ಸಾಲಕ್ಕೋ ದುಡ್ಡು ಬೇಕಾದ ಹೊತ್ತಿನಲ್ಲಿ ಇದು ಸಣ್ಣ ತಪ್ಪಲ್ಲ.

ಇದು ನಮ್ಮ ಅನುಭವ ಮಾತ್ರವಲ್ಲ. 2017ರಲ್ಲಿ ಹಾರ್ವರ್ಡ್ ಸಂಶೋಧಕರು ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ಅಂಕಪಟ್ಟಿಯಿಂದ ವರದಿ ಬರೆಸಿ ನೋಡಿದರು. ಆಗಿನ ನ್ಯೂರಲ್ ಮಾದರಿಗಳ ಬರಹ ಸರಾಗವಾಗಿತ್ತು, ಆದರೆ ಅಂಕಪಟ್ಟಿಗೆ ನಿಷ್ಠವಾಗಿರಲಿಲ್ಲ. ಕೆಲವು ಅಳತೆಗಳಲ್ಲಿ ಹಳೆಯ ಅಚ್ಚಿನ ಪದ್ಧತಿಯೇ ಮುಂದಿತ್ತು. ಆಮೇಲೆ ಮಾದರಿಗಳು ಬಹಳ ಸುಧಾರಿಸಿವೆ, ಆದರೂ ಈ ಚಾಳಿ ಪೂರ್ತಿ ಹೋಗಿಲ್ಲ.

ಪಟ್ಟಿಯೇ ತಪ್ಪಿದ್ದರೆ ಯಾವ ಪದ್ಧತಿಯೂ ಕಾಪಾಡದು ಎಂಬುದನ್ನೂ ಹೇಳಬೇಕು. ಅದೇ 2017ರ ಜೂನಿನಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ಕ್ವೇಕ್‌ಬಾಟ್ ಎಂಬ ಪ್ರೋಗ್ರಾಂ 6.8 ತೀವ್ರತೆಯ ಭೂಕಂಪವಾಗಿದೆ ಎಂದು ಸುದ್ದಿ ಹಾಕಿತು. ಅದು 1925ರ ಭೂಕಂಪ. ಹಳೆಯ ದಾಖಲೆಯನ್ನು ತಿದ್ದುವಾಗ ಅಮೆರಿಕದ ಭೂಗರ್ಭ ಇಲಾಖೆಯ ಸೂಚನೆಯಲ್ಲಿ ಇಸವಿ 2025 ಎಂದು ಹೋಗಿತ್ತು. ಪ್ರೋಗ್ರಾಂ ಬರೆದ ವಾಕ್ಯದಲ್ಲಿ ದೋಷವಿರಲಿಲ್ಲ, ಅದರ ಕೈಗೆ ಬಂದ ಅಂಕಿಯಲ್ಲಿತ್ತು. ಕಳಿಸುವ ಮೊದಲು ಮನುಷ್ಯರೊಬ್ಬರು ನೋಡಿದ್ದರೆ ನಿಲ್ಲುತ್ತಿತ್ತು.

ಹಾಗಾಗಿ ನಾವು ಹೀಗೆ ಮಾಡುತ್ತೇವೆ. ಧಾರಣೆ ಪುಟಕ್ಕೆ ಅಚ್ಚಿನ ವಾಕ್ಯಗಳೇ ಸಾಕು. ದರ ಎಷ್ಟು, ಕಳೆದ ವಾರಕ್ಕಿಂತ ಎಷ್ಟು ಏರಿತು ಅಥವಾ ಇಳಿಯಿತು, ಅಷ್ಟೇ. ಏರಿಳಿತದ ಲೆಕ್ಕವನ್ನು ಭಾಷಾ ಮಾದರಿಗೆ ಬಿಡುವುದಿಲ್ಲ, ಅದನ್ನು ಸಾದಾ ಪ್ರೋಗ್ರಾಂ ಮಾಡುತ್ತದೆ. ಕಾರಣ ಬರೆಯಬೇಕಾದರೆ ವ್ಯಾಪಾರಿಗಳನ್ನು ಕೇಳಿ ನಮ್ಮ ವರದಿಗಾರರು ಬರೆಯುತ್ತಾರೆ. ಪಟ್ಟಿಯೂ ಪಕ್ಕದಲ್ಲೇ ಇರುತ್ತದೆ, ಅನುಮಾನ ಬಂದವರು ತಾಳೆ ನೋಡಲಿ.

ನೋಟಿಸುಗಳಿಗೆ ಮಾದರಿಯ ಸಹಾಯ ಪಡೆಯಬಹುದು. ಒಂದೊಂದು ನೋಟಿಸಿಗೂ ಒಂದೊಂದು ಧಾಟಿ, ಅಚ್ಚು ಮಾಡಿಟ್ಟರೆ ಮುಗಿಯದು. ಆದರೆ ದಿನಾಂಕ, ಮೊತ್ತ, ವಾರ್ಡ್ ಸಂಖ್ಯೆ ಮೂಲದಲ್ಲಿದ್ದಂತೆಯೇ ಬಂದಿವೆಯೇ ಎಂದು ಎರಡೂ ಭಾಷೆ ಬಲ್ಲವರು ನೋಡಿ ಸಹಿ ಹಾಕಬೇಕು. ಅಂಥವರು ಕಾಸರಗೋಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಊರಿನಲ್ಲಿ ಮಲಯಾಳದಲ್ಲಿ ಮಾತ್ರ ಬಂದ ನೋಟಿಸುಗಳಿದ್ದರೆ ಹೆಸರು, ವಿಳಾಸ ಅಳಿಸಿ ನಮಗೆ ಕಳಿಸಿ. ಯಾವ ಯಾವ ವಿವರ ಪದೇ ಪದೇ ಬರುತ್ತವೆ ಎಂದು ಮೊದಲು ಪಟ್ಟಿ ಮಾಡಬೇಕು. ಕಚೇರಿಯವರ ಜೊತೆ ಮಾತಾಡಲು ಕೂರುವಾಗ ಆ ಪಟ್ಟಿ ನಮ್ಮ ಕೈಯಲ್ಲಿರಬೇಕು.

— ಸಂಪಾದಕ