ಚೆಕ್ಕಿನ ಕಾಯ್ದೆಯೊಳಗೆ ಹಬ್ಬದ ರಜೆ

ಪ್ರಶ್ನೆ: ಸರ್, ಸರ್ಕಾರದ ರಜೆ ಆದೇಶದಲ್ಲಿ ‘ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ, 1881’ ಅಂತ ಇರುತ್ತದೆ. ಯುಗಾದಿ ರಜೆಗೂ ಚೆಕ್ಕಿನ ಕಾಯ್ದೆಗೂ ಏನು ಸಂಬಂಧ?
– ಓದುಗರೊಬ್ಬರು, ಗದಗ

ಉತ್ತರ: ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಕೌಂಟರಿನಲ್ಲಿ ಕೂತು ನಿವೃತ್ತನಾದವನಿಗೆ ಇದಕ್ಕಿಂತ ಒಳ್ಳೆ ಪ್ರಶ್ನೆ ಬೇಕೇನ್ರಿ! ಬ್ರಿಟಿಷರಿಗೆ ಇದ್ದದ್ದು ನಮ್ಮ ಹೋಳಿಗೆಯ ಚಿಂತೆಯಲ್ಲ, ವಾಯಿದೆಯ ಚಿಂತೆ. ಪ್ರಾಮಿಸರಿ ನೋಟಿನ, ಅಂದರೆ ಹಣ ಕೊಡುತ್ತೇನೆಂದು ಬರೆದುಕೊಟ್ಟ ಪತ್ರದ, ವಾಯಿದೆ ರಜೆಯ ದಿನ ಬಿದ್ದರೆ ಹಣ ಯಾವಾಗ ಕೊಡಬೇಕು? ಹಿಂದಿನ ಕೆಲಸದ ದಿನವೇ ಕೊಡಬೇಕು ಅನ್ನುತ್ತದೆ 25ನೇ ಕಲಮು. ಮುಂದಿನ ದಿನ ಅಲ್ಲ, ಗಮನಿಸಿ. ರಜೆಯ ನೆಪ ಹೇಳಿ ಸಾಲಗಾರ ಒಂದು ದಿನವೂ ಜಾಸ್ತಿ ಎಳೆಯುವಂತಿಲ್ಲ.

ಹಾಗಾದರೆ ಯಾವ ದಿನ ರಜೆ ಅಂತಲೂ ಹೇಳಬೇಕಲ್ವಾ? ಮೂಲ ಕಾಯ್ದೆ ಹೆಸರು ಹಿಡಿದು ಹೇಳಿದ್ದು ಭಾನುವಾರ, ಹೊಸ ವರ್ಷ, ಕ್ರಿಸ್‌ಮಸ್, ಗುಡ್ ಫ್ರೈಡೆ. ದೀಪಾವಳಿ, ರಂಜಾನ್‌ಗಳ ಹೆಸರೇ ಇಲ್ಲ. ಅವಕ್ಕೆ ಸ್ಥಳೀಯ ಸರ್ಕಾರ, ಅಂದರೆ ಆಯಾ ಪ್ರಾಂತ್ಯದ ಸರ್ಕಾರ, ಗೆಜೆಟ್‌ನಲ್ಲಿ ರಜೆ ಸಾರಬೇಕಿತ್ತು. ಯಾರ ಕಾಯ್ದೆಯೋ ಅವರ ಹಬ್ಬ ಮೊದಲು, ಬಿಡಿ.

ಆಗ ಧಾರವಾಡ ಜಿಲ್ಲೆಗೆ ಸರ್ಕಾರ ಅಂದರೆ ಮುಂಬೈ. ಪಕ್ಕದ ಕುಂದಗೋಳ ಜಮಖಂಡಿ ಸಂಸ್ಥಾನದ್ದು, ಸವಣೂರು ನವಾಬರದ್ದು. ಬ್ರಿಟಿಷ್ ಇಂಡಿಯಾದ ಈ ಕಾಯ್ದೆ ಅಲ್ಲಿಗೆ ತಾನಾಗಿಯೇ ಅನ್ವಯಿಸುತ್ತಿರಲಿಲ್ಲ.

ಆಮೇಲೆ ರಜೆ ಸಾರುವ ಅಧಿಕಾರ ಕೇಂದ್ರದ ಕೈಗೆ ಹೋಯಿತು. 1957ರಲ್ಲಿ ಕೇಂದ್ರ ಅದನ್ನು ರಾಜ್ಯಗಳಿಗೆ ವಹಿಸಿತು. ಅದಕ್ಕೇ ನಿಮ್ಮ ಆದೇಶದಲ್ಲಿ ಆ ಹೆಸರು. ನೌಕರರು ಬೇಕಾದರೆ ಆರಿಸಿಕೊಳ್ಳುವ ಪರಿಮಿತ ರಜೆಗಳು ಇದರಡಿ ಬರುವುದಿಲ್ಲ. ಆ ದಿನ ಬ್ಯಾಂಕು ತೆರೆದಿರುತ್ತದೆ, ಚೆಕ್ಕು ಹಿಡಿದು ಹೋಗಿ.