ಕಡತದ ಹೆಸರು ಎಂಪಿ4, ಒಳಗಿರುವುದು ಏನು?

ವಿಡಿಯೊ ಸಂಕಲನ ತಂತ್ರಾಂಶಗಳ ಕುರಿತು ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳ ಓದುಗರು ಕಳುಹಿಸಿದ ಕೆಲವು ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಮದುವೆಗಳ ವಿಡಿಯೊ ಮಾಡುತ್ತೇನೆ. ನನ್ನ ಕ್ಯಾಮೆರಾದ ಕಡತಗಳು ತಂತ್ರಾಂಶದಲ್ಲಿ ಸರಿಯಾಗಿ ತೆರೆದುಕೊಳ್ಳುತ್ತವೆ. ಬೀಗರ ಕಡೆಯವರು ಫೋನಿನಲ್ಲಿ ತೆಗೆದು ಕೊಟ್ಟ ತುಣುಕುಗಳಲ್ಲಿ ಕೆಲವಕ್ಕೆ ಧ್ವನಿ ಮಾತ್ರ ಬರುತ್ತದೆ, ಚಿತ್ರ ಬರುವುದಿಲ್ಲ. ಚಿತ್ರ ಬಂದ ತುಣುಕುಗಳಲ್ಲಿಯೂ ಆರಂಭದಲ್ಲಿ ಸರಿಯಿದ್ದ ಮಂತ್ರದ ಧ್ವನಿ ಅಕ್ಷತೆ ಬೀಳುವ ಹೊತ್ತಿಗೆ ಪುರೋಹಿತರ ತುಟಿಯ ಚಲನೆಗೆ ಹೊಂದುವುದಿಲ್ಲ. ಎಲ್ಲವೂ ಎಂಪಿ4 ಕಡತಗಳೇ ಆಗಿರುವಾಗ ಹೀಗೇಕೆ?
(ಛಾಯಾಗ್ರಾಹಕರು, ಗಂಗಾವತಿ)

ಉತ್ತರ: ಎಂಪಿ4 ಎಂಬುದು ಡಬ್ಬಿಯ ಹೆಸರು, ಅದರೊಳಗಿನ ಚಿತ್ರವನ್ನು ಯಾವ ವಿಧಾನದಲ್ಲಿ ಕುಗ್ಗಿಸಿ ಇಡಲಾಗಿದೆ ಎಂಬುದನ್ನು ಆ ಹೆಸರು ಹೇಳುವುದಿಲ್ಲ. ಕುಗ್ಗಿಸುವ ಮತ್ತು ಮತ್ತೆ ಬಿಡಿಸುವ ಆ ವಿಧಾನವೇ ಕೋಡೆಕ್. ನಿಮ್ಮ ಕ್ಯಾಮೆರಾ ಬಹುಶಃ 2003ರಲ್ಲಿ ರೂಪುಗೊಂಡ ಎಚ್.264 ವಿಧಾನವನ್ನು ಬಳಸುತ್ತಿದೆ; ಫೋನುಗಳು ಜಾಗ ಉಳಿಸುವುದಕ್ಕಾಗಿ 2013ರಲ್ಲಿ ಬಂದ ಎಚ್.265 ಅಥವಾ ಎಚ್‌ಇವಿಸಿ ವಿಧಾನದಲ್ಲಿ ದಾಖಲಿಸುವುದು ಈಗ ಸಾಮಾನ್ಯ. ಧ್ವನಿಗೆ ಮಾತ್ರ ಎರಡೂ ಕಡೆ ಹೆಚ್ಚಾಗಿ ಎಎಸಿ ಎಂಬ ಒಂದೇ ಕೋಡೆಕ್ ಇರುವುದರಿಂದ, ಎಚ್.265 ಅನ್ನು ಬಿಡಿಸಲಾರದ ತಂತ್ರಾಂಶವು ಧ್ವನಿಯನ್ನು ಕೇಳಿಸಿ ಚಿತ್ರದ ಜಾಗದಲ್ಲಿ ಕಪ್ಪನ್ನು ತೋರಿಸುತ್ತದೆ. ಅದೇ ಕಡತ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ ಚೆನ್ನಾಗಿ ಓಡುತ್ತದೆ ಎಂದು ನೀವು ಹೇಳಬಹುದು. ವಿಎಲ್‌ಸಿ ತನಗೆ ಬೇಕಾದ ಕೋಡೆಕ್‌ಗಳನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಆದ್ದರಿಂದ ಅಲ್ಲಿ ಓಡಿದ್ದು ಕಡತ ಕೆಟ್ಟಿಲ್ಲ ಎಂಬುದಕ್ಕೆ ಸಾಕ್ಷಿಯೇ ಹೊರತು ಸಂಕಲನ ತಂತ್ರಾಂಶವೂ ಅದನ್ನು ಓದಬಲ್ಲದು ಎಂಬುದಕ್ಕಲ್ಲ.

ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಕಡತವನ್ನು ತೆರೆದರೆ ಕೋಡೆಕ್‌ನ ಹೆಸರು, ಸೆಕೆಂಡಿಗೆ ಎಷ್ಟು ಫ್ರೇಮು (ಬಿಡಿ ಚಿತ್ರ), ಧ್ವನಿಯ ವಿವರ ಎಲ್ಲವೂ ಕಾಣುತ್ತವೆ. ಅದರಲ್ಲಿಯೇ ನಿಮ್ಮ ಎರಡನೆಯ ತೊಂದರೆಯ ಮೂಲವೂ ಸಿಗುತ್ತದೆ. ಫ್ರೇಮ್ ರೇಟ್ ಮೋಡ್ ಎಂಬ ಸಾಲಿನ ಮುಂದೆ ವೇರಿಯಬಲ್ ಎಂದಿದ್ದರೆ, ಆ ಫೋನು ಬೆಳಕು ಕಡಿಮೆಯಾದಾಗ ಅಥವಾ ತನ್ನ ಪ್ರೊಸೆಸರ್‌ನ ಮೇಲೆ ಹೊರೆ ಬಿದ್ದಾಗ ಫ್ರೇಮುಗಳ ನಡುವಿನ ಅಂತರವನ್ನು ಹಿಗ್ಗಿಸಿ ಕುಗ್ಗಿಸಿ ದಾಖಲಿಸಿದೆ ಎಂದರ್ಥ. ಸಂಕಲನ ತಂತ್ರಾಂಶದ ಟೈಮ್‌ಲೈನ್, ಅಂದರೆ ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ, ಎಲ್ಲ ಫ್ರೇಮುಗಳೂ ಸಮಾನ ಅಂತರದಲ್ಲಿವೆ ಎಂದು ನಂಬಿ ಲೆಕ್ಕ ಹಾಕುತ್ತದೆ, ಧ್ವನಿಯಾದರೋ ತನ್ನ ನಿಜವಾದ ವೇಗದಲ್ಲಿಯೇ ಸಾಗುತ್ತದೆ. ಅರ್ಧ ಗಂಟೆಯ ತುಣುಕಿನ ಕೊನೆಗೆ ಬರುವಷ್ಟರಲ್ಲಿ ಎರಡಕ್ಕೂ ಗಂಟು ತಪ್ಪಿರುತ್ತದೆ. ಧ್ವನಿಯನ್ನು ಕೈಯಿಂದ ಜರುಗಿಸಿ ಸರಿಮಾಡಲು ಹೋಗಬೇಡಿ, ಏಕೆಂದರೆ ಅಂತರವು ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ.

ಎರಡು ತೊಂದರೆಗಳಿಗೂ ಪರಿಹಾರ ಒಂದೇ: ಸಂಕಲನಕ್ಕೆ ಕೂರುವ ಮೊದಲೇ ಫೋನಿನ ತುಣುಕುಗಳನ್ನೆಲ್ಲ ಪರಿವರ್ತಿಸಿಕೊಳ್ಳುವುದು. ಹ್ಯಾಂಡ್‌ಬ್ರೇಕ್ ಎಂಬ ಪರಿವರ್ತಕ ತಂತ್ರಾಂಶದಲ್ಲಿ ಎಚ್.264 ಆರಿಸಿ, ಕಾನ್ಸ್ಟಂಟ್ ಫ್ರೇಮ್‌ರೇಟ್ ಗುರುತು ಮಾಡಿ, ಗುಣಮಟ್ಟದ ಆರ್‌ಎಫ್ ಸಂಖ್ಯೆಯನ್ನು 16ರಿಂದ 18ರೊಳಗೆ ಇಡಿ. ಅಲ್ಲಿ ಸಂಖ್ಯೆ ಇಳಿದಷ್ಟೂ ಗುಣಮಟ್ಟ ಏರುತ್ತದೆ. ಡಿಸ್ಕಿನಲ್ಲಿ ಜಾಗವಿದ್ದರೆ ಶಟರ್ ಎನ್‌ಕೋಡರ್ ಎಂಬ ಇನ್ನೊಂದು ಪರಿವರ್ತಕವನ್ನು ಬಳಸಿ, ಸಂಕಲನಕ್ಕೆ ಅನುಕೂಲವಾದ ಪ್ರೋರೆಸ್ 422 ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಕೋಡೆಕ್‌ಗೆ ಪರಿವರ್ತಿಸುವುದು ಇನ್ನೂ ಒಳ್ಳೆಯದು. ಎಚ್.264 ಮತ್ತು ಎಚ್.265 ಕೆಲವು ಫ್ರೇಮುಗಳನ್ನು ಮಾತ್ರ ಪೂರ್ತಿಯಾಗಿ ಇಟ್ಟು, ಉಳಿದವುಗಳಲ್ಲಿ ಹಿಂದಿನ ಮುಂದಿನ ಫ್ರೇಮಿಗಿಂತ ಏನು ಬದಲಾಗಿದೆ ಎಂಬುದನ್ನಷ್ಟೇ ಬರೆದಿಡುತ್ತವೆ. ನೀವು ಟೈಮ್‌ಲೈನ್‌ನಲ್ಲಿ ಒಂದು ಕಡೆ ಬೆರಳಿಟ್ಟರೆ ಕಂಪ್ಯೂಟರು ಹತ್ತಾರು ಫ್ರೇಮು ಹಿಂದಕ್ಕೆ ಹೋಗಿ ಲೆಕ್ಕ ಹಾಕಿಕೊಂಡು ಬರಬೇಕಾಗುತ್ತದೆ. ಪ್ರೋರೆಸ್‌ನಲ್ಲಿ ಪ್ರತಿಯೊಂದು ಫ್ರೇಮೂ ಪೂರ್ಣವಾಗಿರುವುದರಿಂದ ಆ ತೊಡಕಿಲ್ಲ. ಅದಕ್ಕೆ ತೆರಬೇಕಾದ ಬೆಲೆ ಜಾಗ: 1920×1080 ಅಳತೆಯಲ್ಲಿ, ಸೆಕೆಂಡಿಗೆ 25 ಫ್ರೇಮಿನಂತೆ ಪ್ರೋರೆಸ್ 422ರ ಒಂದು ಗಂಟೆಗೆ ಸುಮಾರು 55 ಜಿಬಿ ಬೇಕು. ಪರಿವರ್ತನೆಯ ನಂತರವೂ ಮೂಲ ಕಡತಗಳನ್ನು ಅಳಿಸಬೇಡಿ.

ಅಂತರ್ಜಾಲದಲ್ಲಿ ಸಿಗುವ ‘ಕೋಡೆಕ್ ಪ್ಯಾಕ್’ಗಳನ್ನು ಹಾಕಿಕೊಳ್ಳುವಂತೆ ಯಾರಾದರೂ ಹೇಳಿದರೆ ಕೇಳಬೇಡಿ, ಇಂದಿನ ಸಂಕಲನ ತಂತ್ರಾಂಶಗಳು ಬಹುಮಟ್ಟಿಗೆ ಅವುಗಳತ್ತ ನೋಡುವುದೂ ಇಲ್ಲ, ಅವುಗಳ ಹೆಸರಿನಲ್ಲಿ ಬೇಡದ ತಂತ್ರಾಂಶಗಳು ಮಾತ್ರ ಒಳಗೆ ಬಂದು ಕೂರುತ್ತವೆ. ಮುಂದಿನ ಮದುವೆಗೆ ಮುನ್ನ ಬೀಗರಿಗೆ ಎರಡು ಮಾತು ಹೇಳಿಬಿಡಿ: ಐಫೋನಿನ ಕ್ಯಾಮೆರಾ ಫಾರ್ಮ್ಯಾಟ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿಕೊಂಡರೆ ಸಾಮಾನ್ಯ ದಾಖಲೆ ಎಚ್.264ರಲ್ಲಿ ಆಗುತ್ತದೆ, ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವುದಾದರೆ ವಿಡಿಯೊ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಬೇಕು, ಇಲ್ಲವಾದರೆ ಅದು ಮತ್ತೊಮ್ಮೆ ಕುಗ್ಗಿ ಬರುತ್ತದೆ.

ಪ್ರಶ್ನೆ: 1915ರಲ್ಲಿ ನಮ್ಮ ಊರಿನಲ್ಲಿ ಪತ್ತೆಯಾದ ಅಶೋಕನ ಶಾಸನದ ಬಗ್ಗೆ ವಿದ್ಯಾರ್ಥಿಗಳೊಂದಿಗೆ ಒಂದು ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆ. ಶೀರ್ಷಿಕೆಯ ಅಕ್ಷರಗಳು ಒಂದೊಂದಾಗಿ ಮೂಡುವಂತೆ ಅನಿಮೇಷನ್ ಹಾಕಿದರೆ ಒತ್ತಕ್ಷರಗಳು ಒಡೆದು ಹೋಗುತ್ತವೆ. ಬೇರೆ ಕಂಪ್ಯೂಟರಿನಲ್ಲಿ ಶೀರ್ಷಿಕೆಯನ್ನು ಪ್ರತ್ಯೇಕವಾಗಿ ತಯಾರಿಸಿ ತಂದಾಗ ಅದರ ಹಿಂದೆ ಕಪ್ಪು ಬಣ್ಣ ಬಂದಿತು. ಏನು ಮಾಡಬೇಕು?
(ಪ್ರೌಢಶಾಲಾ ಶಿಕ್ಷಕರು, ಮಸ್ಕಿ)

ಉತ್ತರ: ನಿಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳೋಣ. ನಮ್ಮ ಕಣ್ಣಿಗೆ ‘ಮಸ್ಕಿ’ ಎರಡು ಅಕ್ಷರ. ಯೂನಿಕೋಡ್‌ನಲ್ಲಿ ಅದು ಐದು ಸಂಕೇತಗಳ ಸಾಲು: ಮ, ಸ, ಹಲಂತದ ಚಿಹ್ನೆ, ಕ, ಇಕಾರದ ಗುಣಿತ. ಟೈಪ್‌ರೈಟರ್ ಮಾದರಿಯ ಅನಿಮೇಷನ್ ಅನ್ನು ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟು ಬರೆದಿರುವುದರಿಂದ ಅದು ಈ ಐದನ್ನೂ ಬಿಡಿಬಿಡಿಯಾಗಿ ಹೊರಗೆ ಬಿಡುತ್ತದೆ. ಪರದೆಯ ಮೇಲೆ ಮೊದಲು ‘ಮ’, ಆಮೇಲೆ ‘ಮಸ’, ‘ಮಸ್’, ‘ಮಸ್ಕ’ ಎಂದಾಗಿ ಕೊನೆಗೆ ‘ಮಸ್ಕಿ’ ಬರುತ್ತದೆ. ಬಿಡಿ ಅಕ್ಷರಗಳಿಗೆ ತಿರುಗುವ, ಹಾರುವ ಚಲನೆಯನ್ನು ಕೊಡುವ ಪರಿಣಾಮಗಳಲ್ಲಿ ಪಾಡು ಇನ್ನೂ ಕೆಟ್ಟದ್ದು, ಅಲ್ಲಿ ಒತ್ತು ಒಂದು ಕಡೆಗೆ, ಅಕ್ಷರ ಇನ್ನೊಂದು ಕಡೆಗೆ ಹಾರುತ್ತವೆ.

ಮೊದಲು ಅನಿಮೇಷನ್ ತೆಗೆದುಹಾಕಿ, ನಿಂತ ಶೀರ್ಷಿಕೆಯಲ್ಲಿ ಒತ್ತಕ್ಷರ ಸರಿಯಾಗಿದೆಯೇ ಎಂದು ನೋಡಿ. ಅಲ್ಲಿಯೂ ಒಡೆದಿದ್ದರೆ ದೋಷವಿರುವುದು ಅಕ್ಷರ ಜೋಡಿಸುವ ವ್ಯವಸ್ಥೆಯಲ್ಲಿ. ಅಡೋಬಿಯ ಪ್ರೀಮಿಯರ್ ಪ್ರೊ ಮತ್ತು ಆಫ್ಟರ್ ಎಫೆಕ್ಟ್ಸ್‌ನ ಹಲವು ಆವೃತ್ತಿಗಳಲ್ಲಿ ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್ ಎಂಬ ಆಯ್ಕೆಯನ್ನು ಪ್ರಿಫರೆನ್ಸಸ್‌ನಲ್ಲಿ ಗುರುತು ಮಾಡಿದ ಮೇಲೆಯೇ ಕನ್ನಡ ಸರಿಯಾಗಿ ಕೂಡಿಕೊಳ್ಳುತ್ತದೆ. ಆಯ್ಕೆ ಬದಲಿಸಿದ ನಂತರ ಹೊಸದಾಗಿ ಒಂದು ಶೀರ್ಷಿಕೆಯ ಪದರವನ್ನು ಮಾಡಿ ಪರೀಕ್ಷಿಸಿ. ಹಳೆಯ ನುಡಿ ಫಾಂಟಿನಲ್ಲಿ, ಯೂನಿಕೋಡ್ ಅಲ್ಲದ ರೀತಿಯಲ್ಲಿ ಟೈಪು ಮಾಡಿದ ಪಠ್ಯವಾಗಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿ ನೋಟೊ ಸ್ಯಾನ್ಸ್ ಕನ್ನಡದಂತಹ ಉಚಿತ ಫಾಂಟ್ ಬಳಸಿ.

ನಿಂತಾಗ ಸರಿಯಿದ್ದು ಚಲಿಸುವಾಗ ಮಾತ್ರ ಒಡೆಯುತ್ತದೆ ಎಂದಾದರೆ, ಅಕ್ಷರದ ಬದಲು ಪದವನ್ನು ಘಟಕವಾಗಿ ಮಾಡಿಕೊಳ್ಳಿ. ಆಫ್ಟರ್ ಎಫೆಕ್ಟ್ಸ್‌ನ ರೇಂಜ್ ಸೆಲೆಕ್ಟರ್‌ನಲ್ಲಿ ಬೇಸ್ಡ್ ಆನ್ ಎಂಬಲ್ಲಿ ಕ್ಯಾರೆಕ್ಟರ್ಸ್ ತೆಗೆದು ವರ್ಡ್ಸ್ ಎಂದು ಆರಿಸಿದರೆ ಸಾಕು. ಅಕ್ಷರಗಳು ಒಂದೊಂದಾಗಿಯೇ ಬರಬೇಕು ಎಂಬ ಹಟ ವಿದ್ಯಾರ್ಥಿಗಳಿಗಿದ್ದರೆ, ಪೂರ್ಣ ಶೀರ್ಷಿಕೆಯ ಮೇಲೆ ಮಾಸ್ಕ್ (ಒಂದು ಭಾಗವನ್ನು ಮಾತ್ರ ಕಾಣಿಸುವ ಮರೆ) ಹಾಕಿ ಅದನ್ನು ಎಡದಿಂದ ಬಲಕ್ಕೆ ಸರಿಸಬಹುದು. ಶಾಸನದ ಚಿತ್ರಕ್ಕೆ ಹಾರಾಡುವ ಅಕ್ಷರಗಳಿಗಿಂತ ಹೀಗೆ ಬರೆದಂತೆ ತೆರೆದುಕೊಳ್ಳುವ ಸಾಲು ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಬಳಸುತ್ತಿರುವ ತಂತ್ರಾಂಶಕ್ಕೆ ಕನ್ನಡವೇ ಬಾರದಿದ್ದರೆ ಇಂಕ್‌ಸ್ಕೇಪ್ ಎಂಬ ಚಿತ್ರರಚನೆಯ ತಂತ್ರಾಂಶದಲ್ಲಿ ಶೀರ್ಷಿಕೆ ಬರೆದು, ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ ಚಿತ್ರವಾಗಿ ಉಳಿಸಿ ತನ್ನಿ.

ಕಪ್ಪು ಹಿನ್ನೆಲೆಯ ವಿಷಯ ಮತ್ತೆ ಕೋಡೆಕ್‌ಗೆ ಬರುತ್ತದೆ. ನಾವೆಲ್ಲ ಬಳಸುವ ಎಚ್.264 ಕಡತದಲ್ಲಿ ಚಿತ್ರದ ಬೆಳಕು ಮತ್ತು ಬಣ್ಣದ ಮಾಹಿತಿಗೆ ಜಾಗವಿದೆ, ಪಾರದರ್ಶಕತೆಯನ್ನು ಹೇಳುವ ಆಲ್ಫಾ ಪದರಕ್ಕೆ ಜಾಗವಿಲ್ಲ. ಶೀರ್ಷಿಕೆಯನ್ನು ಪ್ರೋರೆಸ್ 4444 ಆಗಿ, ಆಲ್ಫಾ ಸೇರಿಸುವ ಗುರುತು ಹಾಕಿ ಹೊರತೆಗೆಯಿರಿ. ಅದಾಗದಿದ್ದರೆ ಪಿಎನ್‌ಜಿ ಚಿತ್ರಗಳ ಸರಣಿಯಾಗಿ ತೆಗೆಯಿರಿ. ಆಮೇಲೂ ಅಕ್ಷರಗಳ ಸುತ್ತ ಸಣ್ಣ ಕಪ್ಪು ಅಂಚು ಉಳಿದರೆ, ತಂದ ಕಡತದ ಆಲ್ಫಾ ಆಯ್ಕೆಯಲ್ಲಿ ಸ್ಟ್ರೈಟ್ ಇರುವುದನ್ನು ಪ್ರೀಮಲ್ಟಿಪ್ಲೈಡ್ ಎಂದು ಬದಲಿಸಿ.

ಪ್ರಶ್ನೆ: ಜೀನ್ಸ್ ಹೊಲಿಯುವ ಘಟಕವೊಂದಕ್ಕೆ ಜಾಹೀರಾತು ಮಾಡಿದೆ. ಬಟ್ಟೆಯ ಫೋಟೊಗಳ ಮೇಲೆ ನಿಧಾನವಾಗಿ ಝೂಮ್ ಕೊಟ್ಟರೆ ನೇಯ್ಗೆಯ ಗೆರೆಗಳು ಮಿಣುಕುತ್ತವೆ.
(ಗ್ರಾಫಿಕ್ ವಿನ್ಯಾಸಕರು, ಬಳ್ಳಾರಿ)

ಉತ್ತರ: ಫೋಟೊವನ್ನು ಮೊದಲು ಅದರ ಪೂರ್ಣ ಅಳತೆಯಲ್ಲಿ ತೆರೆದು ನೋಡಿ. ಅಲ್ಲಿಯೇ ಬಣ್ಣಬಣ್ಣದ ಅಲೆಗಳು ಕಾಣುತ್ತಿದ್ದರೆ ಅವು ಕ್ಯಾಮೆರಾದ ಸೆನ್ಸರ್‌ನಲ್ಲಿಯೇ ಹುಟ್ಟಿದವು. ದೂರ ಅಥವಾ ಕೋನ ಬದಲಿಸಿ ಮತ್ತೆ ಫೋಟೊ ತೆಗೆಯುವುದೇ ಸರಿ. ಫೋಟೊ ಸ್ವಚ್ಛವಾಗಿದ್ದರೆ ದೋಷ ಅಳತೆಯದು. 6000 ಪಿಕ್ಸೆಲ್ ಅಗಲದ ಚಿತ್ರವನ್ನು 1920ಕ್ಕೆ ಇಳಿಸುವಾಗ ಸಣ್ಣ ಗೆರೆಗಳಿಗೆ ಪಿಕ್ಸೆಲ್ ಸಾಲದೆ, ಪ್ರತಿ ಫ್ರೇಮಿನಲ್ಲಿಯೂ ಬೇರೆ ಬೇರೆ ಗೆರೆಗಳು ಉಳಿದು ಅಳಿಯುತ್ತವೆ. ನಿಮ್ಮ ಝೂಮ್ ಒಂದೂವರೆ ಪಟ್ಟು ಮೀರುವುದಿಲ್ಲ ಎಂದಾದರೆ 2880 ಪಿಕ್ಸೆಲ್ ಅಗಲ ಸಾಕು. ಚಿತ್ರವನ್ನು ಹೊರಗೇ ಆ ಅಳತೆಗೆ ಇಳಿಸಿಕೊಂಡು ತನ್ನಿ. ಮಿಣುಕು ಉಳಿದರೆ ಒಂದು ಪಿಕ್ಸೆಲ್‌ಗಿಂತ ಕಡಿಮೆ ಬ್ಲರ್ ಕೊಡಿ, ಬಟ್ಟೆಯ ಮೈ ಅದರಿಂದ ಕೆಡುವುದಿಲ್ಲ. ಝೂಮ್‌ನ ಆರಂಭ ಮತ್ತು ಕೊನೆಯ ಕೀಫ್ರೇಮುಗಳಿಗೆ (ಚಲನೆಯ ಗುರುತುಗಳಿಗೆ) ಈಸ್ ಕೊಟ್ಟರೆ ಚಲನೆ ತಟ್ಟನೆ ಹೊರಟು ತಟ್ಟನೆ ನಿಲ್ಲುವುದು ತಪ್ಪುತ್ತದೆ.

ಪ್ರಶ್ನೆ: ಜಾತ್ರೆಯಲ್ಲಿ ಪೆನ್‌ಡ್ರೈವ್ ಹಾಕಿ ತೋರಿಸಲು ಮಾಡಿದ ವಿಡಿಯೊ ಟಿ.ವಿ.ಯಲ್ಲಿ ಓಡಲಿಲ್ಲ, ಕಂಪ್ಯೂಟರಿನಲ್ಲಿ ಓಡುತ್ತದೆ.
(ಓದುಗರು, ಕುಕನೂರು)

ಉತ್ತರ: ಟಿ.ವಿ.ಗೆ ಕೊಡುವ ಕಡತ ಎಚ್.264, 8 ಬಿಟ್, 4:2:0 (ಇವೆರಡೂ ಬಣ್ಣದ ಮಾಹಿತಿಯ ಅಳತೆಗಳು) ಮತ್ತು ಎಎಸಿ ಧ್ವನಿಯದ್ದಾಗಿರಲಿ. 10 ಬಿಟ್‌ನ ಎಚ್.264 ಮತ್ತು ಪ್ರೋರೆಸ್ ಅಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಪೆನ್‌ಡ್ರೈವ್ ಎಫ್‌ಎಟಿ32 ಎಂಬ ಫಾರ್ಮ್ಯಾಟ್‌ನಲ್ಲಿದ್ದರೆ ಒಂದು ಕಡತ 4 ಜಿಬಿ ದಾಟುವಂತಿಲ್ಲ. ಸೆಕೆಂಡಿಗೆ 8 ಮೆಗಾಬಿಟ್‌ನಂತೆ ತೆಗೆದರೆ ಒಂದು ಗಂಟೆಯ ಚಿತ್ರ ಸುಮಾರು 3.6 ಜಿಬಿಯಲ್ಲಿ ಮುಗಿಯುತ್ತದೆ. ಎಲ್‌ಇಡಿ ಪರದೆಯಾದರೆ ಅದರ ಪಿಕ್ಸೆಲ್ ಅಳತೆಯನ್ನು ನಡೆಸುವವರಿಂದ ಮೊದಲೇ ಕೇಳಿ ಪಡೆಯಿರಿ.

ಪ್ರಶ್ನೆ: ನಮ್ಮ ಹಳ್ಳಿಯ ದೊಡ್ಡಾಟದ ಹಳೆಯ ಮಿನಿ ಡಿವಿ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿದ್ದೇನೆ. ಕುಣಿತಕ್ಕೆ ಸ್ಲೋ ಮೋಷನ್ ಹಾಕಿದರೆ ಕೈಕಾಲುಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಅಡ್ಡಗೆರೆಗಳು ಏಳುತ್ತವೆ. ಪಾತ್ರಧಾರಿಗಳೆಲ್ಲ ದಪ್ಪಗೆ ಕಾಣುತ್ತಾರೆ.
(ಓದುಗರು, ಸಿರುಗುಪ್ಪ)

ಉತ್ತರ: ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಟಿ.ವಿ. ಪದ್ಧತಿಯ ಡಿವಿ ಕ್ಯಾಮೆರಾ ಒಂದು ಸೆಕೆಂಡಿನಲ್ಲಿ 25 ಪೂರ್ಣ ಚಿತ್ರಗಳನ್ನು ತೆಗೆಯುತ್ತಿರಲಿಲ್ಲ, 50 ಅರ್ಧಚಿತ್ರಗಳನ್ನು ತೆಗೆಯುತ್ತಿತ್ತು. ಒಂದು ಅರ್ಧದಲ್ಲಿ ಸರಿಸಂಖ್ಯೆಯ ಗೆರೆಗಳು, ಇನ್ನೊಂದರಲ್ಲಿ ಬೆಸಸಂಖ್ಯೆಯವು. ಎರಡರ ನಡುವಿನ ಕ್ಷಣದಲ್ಲಿ ವೇಷಧಾರಿಯ ಕೈ ಸರಿದಿರುತ್ತದೆಯಾದ್ದರಿಂದ, ಎರಡು ಅರ್ಧಗಳನ್ನೂ ಒಂದೇ ಫ್ರೇಮಿನಲ್ಲಿ ಕೂಡಿಸಿ ತೋರಿಸಿದಾಗ ಅಂಚು ಹಲ್ಲುಹಲ್ಲಾಗುತ್ತದೆ. ಸ್ಲೋ ಮೋಷನ್ ಆ ದೋಷವನ್ನು ಎದ್ದು ಕಾಣಿಸುತ್ತದೆ ಅಷ್ಟೆ. ಆದ್ದರಿಂದ ಪರಿಣಾಮ ಹಾಕುವ ಮೊದಲು ಡಿಇಂಟರ್‌ಲೇಸ್ ಮಾಡಬೇಕು, ಅಂದರೆ ಆ ಅರ್ಧಗಳನ್ನು ಬಿಡಿಸಬೇಕು. ಹ್ಯಾಂಡ್‌ಬ್ರೇಕ್‌ನ ಫಿಲ್ಟರ್‌ಗಳಲ್ಲಿ ಬಿಡಬ್ಲ್ಯುಡಿಐಎಫ್ ಅಥವಾ ಯಾಡಿಫ್ ಆರಿಸಿ, ಅದರಲ್ಲಿ ಬಾಬ್ ಎಂಬ ಮಾದರಿಯನ್ನು ಗುರುತು ಮಾಡಿ, ಫ್ರೇಮ್‌ರೇಟ್ 50 ಎಂದು ಇಡಿ. ಪ್ರತಿ ಅರ್ಧಚಿತ್ರವೂ ಒಂದು ಪೂರ್ಣ ಫ್ರೇಮಾಗಿ ಹೊರಬರುತ್ತದೆ. ಆ ಕಡತವನ್ನು 25ರ ಟೈಮ್‌ಲೈನ್‌ನಲ್ಲಿ ಅರ್ಧ ವೇಗಕ್ಕೆ ಇಳಿಸಿದರೆ, ತಂತ್ರಾಂಶ ಒಂದು ಫ್ರೇಮನ್ನೂ ಊಹಿಸಿ ಹುಟ್ಟಿಸಬೇಕಾಗಿಲ್ಲ. ಟೇಪಿನಲ್ಲಿ ನಿಜವಾಗಿಯೂ ದಾಖಲಾಗಿದ್ದ ಚಲನೆಯೇ ನಿಧಾನವಾಗಿ ಕಾಣುತ್ತದೆ. ಚಿತ್ರ ಮುಂದೆ ಹಿಂದೆ ನಡುಗಿದರೆ ಫೀಲ್ಡ್‌ಗಳ, ಅಂದರೆ ಅರ್ಧಚಿತ್ರಗಳ, ಸರದಿ ತಪ್ಪಾಗಿದೆ ಎಂದು ತಿಳಿಯಿರಿ. ಡಿವಿಗೆ ಇರಬೇಕಾದದ್ದು ಲೋವರ್ ಫೀಲ್ಡ್ ಫಸ್ಟ್.

ಪಾತ್ರಧಾರಿಗಳು ದಪ್ಪಗಾಗಿರುವುದು 4:3 ಚಿತ್ರವನ್ನು 16:9 ಚೌಕಟ್ಟು ತುಂಬುವಂತೆ ಎಳೆದಿರುವುದರಿಂದ. 1920×1080 ಟೈಮ್‌ಲೈನ್‌ನಲ್ಲಿ ಚಿತ್ರವು 1440×1080 ಅಳತೆಯಲ್ಲಿ ಕೂತು ಎರಡೂ ಪಕ್ಕಕ್ಕೆ ಕಪ್ಪು ಉಳಿಯಲಿ. ಮೇಲೆ ಕೆಳಗೆ ಕತ್ತರಿಸಿ ಅಗಲಕ್ಕೆ ತುಂಬಿಸುವವರೂ ಇದ್ದಾರೆ. ದೊಡ್ಡಾಟದಲ್ಲಿ ಹಾಗೆ ಮಾಡಿದರೆ ಕಿರೀಟ ಮತ್ತು ಗೆಜ್ಜೆ ಎರಡೂ ಚೌಕಟ್ಟಿನ ಹೊರಗೆ ಹೋಗುತ್ತವೆ. ಇಳಿಸಿಕೊಳ್ಳುವಾಗ ಫೈರ್‌ವೈರ್ ತಂತಿಯನ್ನು ಬಳಸಿದ್ದರೆ ಗಂಟೆಗೆ ಸುಮಾರು 13 ಜಿಬಿಯ ಡಿವಿ ಕಡತಗಳು ನಿಮ್ಮಲ್ಲಿರುತ್ತವೆ, ಅವು ಟೇಪಿನ ಯಥಾಪ್ರತಿ. ಹಳದಿ, ಕೆಂಪು, ಬಿಳಿ ಪಿನ್ನುಗಳ ಮೂಲಕ ಇಳಿಸಿದ್ದರೆ, ಕ್ಯಾಮೆರಾ ಇನ್ನೂ ಓಡುತ್ತಿರುವಾಗಲೇ ಫೈರ್‌ವೈರ್ ಇರುವ ಹಳೆಯ ಕಂಪ್ಯೂಟರೊಂದನ್ನು ಹುಡುಕಿ ಮತ್ತೊಮ್ಮೆ ಇಳಿಸಿಕೊಳ್ಳಿ.